ಚಿತ್ರದ ಬಲಗಡೆ ಬಾಗಿಲು

ಕಣ್ಣು ತಾಗುತ್ತದೆ, ದೃಷ್ಟಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಎದುರಿಗೇ ನಕ್ಕುಬಿಡುವ ಪೈಕಿಯವಳು ನಾನು. ಧಾರವಾಡದ ನಮ್ಮ ಮನೆಯಲ್ಲಿ ಅವ್ವ ಅಮಾವಾಸ್ಯೆಗೊಮ್ಮೆ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಮೂರು ಸಲ ಇಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಬಂದು ಕೆಮ್ಮಿದರೆ ಏನೂ ಇಲ್ಲವೆಂದು ಅರ್ಥ. ಘಾಟು ಬರದಿದ್ದರೆ, "ನೋಡ್ರಿ, ಎಷ್ಟ ದೃಷ್ಟಿ ಆಗಿತ್ತು" ಎಂದು ಕಣ್ಣು ಅಗಲಿಸುವಳು. "ಮೆಣಸಿನಕಾಯಿ ಹಳೇವು ಇರಬೇಕವ್ವಾ" ಎಂದು ನಾನು ಹೇಳಿ ಬೆನ್ನಿಗೆ ಗುದ್ದು ತಿನ್ನುತ್ತಿದ್ದೆ. ವಿಜ್ಞಾನ ಓದಿದವಳೆಂಬ ಜಂಬ ಬೇರೆ. ಅಂಥವಳು ಇದನ್ನು ಬರೆಯಲು ಕೂತಿದ್ದೇನೆಂದರೆ ಓದುವವರು ನಗಬಹುದು. ನಗಲಿ, ನನಗೇನೂ ಬೇಸರವಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಎಂಬ ಅಪವಾದ ಬೇಡ. ನಾನು ಹೊಟ್ಟೆಕಿಚ್ಚಿನ ಹೆಂಗಸು. ಚಿಕ್ಕಂದಿನಿಂದಲೂ ಹಾಗೆಯೇ. ಒಂದು ದೀಪಾವಳಿಗೆ ತಂಗಿಗೆ ನನ್ನದಕ್ಕಿಂತ ಚೆಂದದ ಲಂಗ ಬಂದಿತ್ತು. ಅವಳು ಅದನ್ನು ತೊಟ್ಟು ಪಡಸಾಲೆಯಲ್ಲಿ ಗಿರಗಿರ ತಿರುಗುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವ್ವ ಬಂದವಳೇ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿ, "ಹಂಗ ನೋಡಬ್ಯಾಡ ಅಕಿನ್ನ. ಆ ನೋಟ ಚಲೋ ಅಲ್ಲ" ಅಂದಳು. ನಾನು ಏನೂ ಅಂದಿರಲಿಲ್ಲ, ಬರೀ ನೋಡಿದ್ದೆ. ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಹೋಯಿತು.

ಮದುವೆಯಾಗಿ ನಾಗಪುರಕ್ಕೆ ಬಂದೆ. ನನ್ನವರು ಸರಕಾರಿ ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದರು. ಮಕ್ಕಳಾಗಲಿಲ್ಲ. ಡಾಕ್ಟರು, ಔಷಧ, ಹರಕೆ ಎಲ್ಲ ಮುಗಿದ ಮೇಲೆ ಮನೆಯಲ್ಲಿ ಕೂತು ತಲೆ ಕೆಡಿಸಿಕೊಳ್ಳುವುದೇಕೆಂದು ಕೆಲಸ ಹುಡುಕಿಕೊಂಡೆ. ಹಿಂಗಣಾ ಕಡೆ ಹೋಗುವ ರಸ್ತೆಯಲ್ಲಿ ಕೃತಕ ಕಾಲು ಮಾಡಿಕೊಡುವ ಒಂದು ಚಿಕ್ಕ ಕೇಂದ್ರವಿತ್ತು, ಅಲ್ಲಿ. ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿದ್ದೀತು. ಯಂತ್ರಕ್ಕೆ ಕಾಲು ಕೊಟ್ಟ ಹಿಂಗಣಾದ ಕಾರ್ಮಿಕರು, ಸಾವನೇರ್ ಕಡೆಯ ಕಲ್ಲಿದ್ದಲು ಗಣಿಯವರು, ಕಾಮಠಿಯ ಮುದಿ ಸಿಪಾಯಿಗಳು, ಎಲ್ಲರೂ ಅಲ್ಲಿಗೆ ಬರುತ್ತಿದ್ದರು.

ನನ್ನ ಕೆಲಸ ಅವರ ನಡಿಗೆಯನ್ನು ಅಳೆಯುವುದು. ಉದ್ದನೆಯ ಕೋಣೆ, ನೆಲದ ಮೇಲೆ ಹತ್ತು ಹೆಜ್ಜೆಯಷ್ಟು ಉದ್ದದ ಕರಿಯ ಚಾಪೆ. ರೋಗಿಯ ಸೊಂಟ, ಮೊಣಕಾಲು, ಹಿಮ್ಮಡಿಗೆಲ್ಲ ಬಿಳಿ ಬೊಟ್ಟು ಅಂಟಿಸಿ, ಎಡಗಡೆಯಿಂದ ಬಲಗಡೆಗೆ, ಬಾಗಿಲಿನ ಕಡೆ ನಡೆಸಬೇಕು. ನಮ್ಮಲ್ಲೊಬ್ಬರು ಬೀಳದ ಹಾಗೆ ನೋಡಿಕೊಳ್ಳುತ್ತ ಅವರ ಪಕ್ಕದಲ್ಲಿ ನಡೆಯಬೇಕು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ನಿಂತು ತನ್ನ ಪಾಡಿಗೆ ಚಿತ್ರ ತೆಗೆಯುತ್ತದೆ. ಆಮೇಲೆ ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಒಂದು ಸಾಫ್ಟ್‌ವೇರಿನಲ್ಲಿ ತೆರೆದರೆ ಅದು ಆ ಬೊಟ್ಟುಗಳ ಬೆನ್ನು ಹತ್ತಿ ಹೋಗುತ್ತದೆ. ಬೆನ್ನು ಹತ್ತುತ್ತದೆ ಎನ್ನುವುದು ಹೇಳುವ ಮಾತು. ನಾಲ್ಕು ಚಿತ್ರಕ್ಕೊಮ್ಮೆ ದಾರಿ ತಪ್ಪಿ ಮೊಣಕಾಲಿನ ಬೊಟ್ಟು ಗೋಡೆಯ ಮೊಳೆಗೆ ಹೋಗಿ ಅಂಟಿಕೊಂಡಿರುತ್ತಿತ್ತು. ಕೈ ಹಿಡಿದು ವಾಪಸ್ ಕರೆತರಬೇಕು.

ಅದಕ್ಕೇ ನಮ್ಮ ದಿನವೆಲ್ಲ ಆ ಸಾಫ್ಟ್‌ವೇರಿನ ಚಿತ್ರದ ಕಿಟಕಿಯಲ್ಲಿ ಕಳೆಯುತ್ತಿತ್ತು. ಮೌಸಿನ ಗಾಲಿಯನ್ನು ಮುಂದಕ್ಕೆ ತಿರುಗಿಸಿದರೆ ಚಿತ್ರ ದೊಡ್ಡದಾಗುತ್ತಿತ್ತು, ಹಿಂದಕ್ಕೆ ತಿರುಗಿಸಿದರೆ ಸಣ್ಣದು. ಬಲಗುಂಡಿ ಒತ್ತಿ ಹಿಡಿದು ಎಳೆದರೆ ಚಿತ್ರವೇ ಅತ್ತಿತ್ತ ಸರಿಯುತ್ತಿತ್ತು. ಒಂದು ಕೀಲಿ ಒತ್ತಿದರೆ ಪೂರ್ತಿ ಚಿತ್ರ ಅಂಚಿನಿಂದ ಅಂಚಿಗೆ ಬಂದು ಕೂರುತ್ತಿತ್ತು. ಇನ್ನೊಂದು ಕೀಲಿ ಒತ್ತಿದರೆ ಚಿತ್ರ ಮಾಯವಾಗಿ ಕಪ್ಪು ಪರದೆಯ ಮೇಲೆ ಬೊಟ್ಟುಗಳಷ್ಟೇ ನಡೆಯುತ್ತಿದ್ದವು. ಬೊಟ್ಟಿನ ಬಣ್ಣ, ಗಾತ್ರ, ಚಿತ್ರದ ಬೆಳಕು ಎಲ್ಲವನ್ನೂ ಬೇಕಾದ ಹಾಗೆ ಬದಲಿಸಿಕೊಳ್ಳಬಹುದಿತ್ತು. ನಾನು ಬಲಗಾಲಿಗೆ ಕುಂಕುಮದ ಬಣ್ಣ, ಎಡಗಾಲಿಗೆ ಹಸಿರು ಇಟ್ಟುಕೊಂಡಿದ್ದೆ. ಹೇಳಿಕೊಡುವವರಿರಲಿಲ್ಲ. ಎಲ್ಲವನ್ನೂ ಒಬ್ಬಳೇ ಗುದ್ದಾಡಿ ಕಲಿತದ್ದು. ಫೈಲು ಮುಚ್ಚುವಾಗ ಚಿತ್ರವನ್ನು ಎಷ್ಟು ದೊಡ್ಡದು ಮಾಡಿ, ಎಲ್ಲಿಗೆ ಸರಿಸಿ ಬಿಟ್ಟಿರುತ್ತೇವೋ ಮುಂದಿನ ಸಲ ತೆರೆದಾಗ ಅದು ಹಾಗೆಯೇ ತೆರೆದುಕೊಳ್ಳುತ್ತಿತ್ತು. ನಮ್ಮ ಡಾಕ್ಟರು ಕಾಲಿನ ವಿಷಯದಲ್ಲಿ ಭಾರಿ ಬುದ್ಧಿವಂತರು, ಮೌಸ್ ಹಿಡಿಯುವುದೆಂದರೆ ಮಾತ್ರ ಬೆವರುತ್ತಿದ್ದರು. ಹಾಗಾಗಿ ನಾವು ತೋರಿಸಿದಷ್ಟನ್ನೇ ಅವರು ನೋಡುತ್ತಿದ್ದರು.

ಮೂರು ವರ್ಷ ಆ ಕಂಪ್ಯೂಟರು ನನ್ನದೇ ಆಗಿತ್ತು. ಆಮೇಲೆ ಪಲ್ಲವಿ ಬಂದಳು. ತಮಾಷೆ ಎಂದರೆ ಅವಳನ್ನು ಕರೆತಂದವಳು ನಾನೇ. ಊರಿನ ಕನ್ನಡದವರೆಲ್ಲ ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಲು ಸೇರಿದ್ದಾಗ ಅವಳ ತಾಯಿ ಸಿಕ್ಕು ಮಗಳಿಗೊಂದು ಕೆಲಸ ಬೇಕೆಂದರು. ಅವಳ ತಂದೆ ರೈಲ್ವೆಯಲ್ಲಿದ್ದರು, ಮೂಲ ವಿಜಾಪುರದ ಕಡೆಯವರು. ಹುಡುಗಿ ಹುಟ್ಟಿ ಬೆಳೆದದ್ದು ನಾಗಪುರದಲ್ಲಿ. ಕನ್ನಡ ಅಕ್ಷರ ಓದಲು ಒದ್ದಾಡುವಳು, ಮಾತಿನಲ್ಲಿ ಅರ್ಧ ಮರಾಠಿ, ಅರ್ಧ ಹಿಂದಿ. ನನ್ನನ್ನು ಅಕ್ಕಾ ಅಕ್ಕಾ ಎಂದು ಬೆನ್ನು ಹತ್ತಿದಳು. ನನಗೂ ಹಿತವಾಗಿತ್ತು. ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟೆ.

ಎರಡು ವಾರದಲ್ಲಿ ಅವಳು ನನ್ನನ್ನು ಮೀರಿಸಿದಳು. ಹೇಳಿಕೊಟ್ಟ ಕೈಗೇ ಏಟು ಬಿದ್ದಂತಾಯಿತು. ನಾನು ಒಂದು ನಡಿಗೆಗೆ ಅರ್ಧ ದಿನ ತೆಗೆದುಕೊಂಡರೆ ಅವಳು ಒಂದು ತಾಸಿನಲ್ಲಿ ಮುಗಿಸಿ ಡಬ್ಬಿ ಬಿಚ್ಚಿ ಊಟಕ್ಕೆ ಕೂರುವಳು. ಚಿತ್ರದ ಬೆಳಕು ಕಡಿಮೆ ಮಾಡಿ ಬೊಟ್ಟುಗಳಿಗೆ ಹಳದಿ ಬಣ್ಣ ಹಾಕಿದಳು. ಮಬ್ಬು ಚಿತ್ರದ ಮೇಲೆ ಹಳದಿ ಎದ್ದು ಕಂಡಿತು. ಡಾಕ್ಟರು ನೋಡಿ, ಇನ್ನು ಎಲ್ಲ ಫೈಲಿಗೂ ಇದೇ ಬಣ್ಣ ಇರಲಿ ಎಂದರು. ಅಷ್ಟೇ ಆದದ್ದು. ಒಂದು ಬಣ್ಣದ ಸಲುವಾಗಿ ನನ್ನ ಮೈಯೆಲ್ಲ ಉರಿದುಹೋಯಿತು ಎಂದರೆ ನಂಬುತ್ತೀರಾ? ಅವಳು ಮನೆಗೆ ಹೋದ ಮೇಲೆ ನಾನು ಮತ್ತೆ ಕುಂಕುಮ ಬಣ್ಣಕ್ಕೆ ತಿರುಗಿಸುತ್ತಿದ್ದೆ. ಬೆಳಿಗ್ಗೆ ಅವಳು ಬಂದು ಯಾರು ಬದಲಿಸಿದರೆಂದು ಕೇಳದೆ ಹಳದಿ ಮಾಡಿಕೊಳ್ಳುವಳು. ಆ ಕೇಳದಿರುವುದು ನನ್ನನ್ನು ಇನ್ನಷ್ಟು ಉರಿಸುತ್ತಿತ್ತು. ಅವಳು ರೋಗಿಗಳ ಪಕ್ಕದಲ್ಲಿ ನಡೆಯುತ್ತಿದ್ದರೆ ಅವರೂ ದೀದಿ, ದೀದಿ ಎಂದು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು.

ಫೆಬ್ರವರಿಯಲ್ಲಿ ನನ್ನ ತಮ್ಮನ ಮದುವೆ. ಹನ್ನೆರಡು ದಿನ ಧಾರವಾಡಕ್ಕೆ ಹೋದೆ. ಅವ್ವ ಕೊಡಿಸಿದ ಹೊಸ ಇಳಕಲ್ ಸೀರೆ, ಕಡುನೀಲಿ ಮೈ, ಕೆಂಪು ಸೆರಗು, ಅದನ್ನುಟ್ಟು ಓಡಾಡಿದೆ. ಆದರೆ ನಿಜ ಹೇಳುತ್ತೇನೆ, ಅಕ್ಕಿಕಾಳು ಹಾಕುವಾಗಲೂ ನನ್ನ ತಲೆಯಲ್ಲಿ ಆ ಕೋಣೆಯೇ ಇತ್ತು. ಈಗ ಅವಳು ನನ್ನ ಕುರ್ಚಿಯಲ್ಲಿ ಕೂತಿರುತ್ತಾಳೆ, ಈಗ ಡಾಕ್ಟರು ಶಾಬಾಸ್ ಎನ್ನುತ್ತಿರುತ್ತಾರೆ ಎಂದು ಒಂದೇ ಯೋಚನೆ. ಅವ್ವ ಎರಡು ಸಲ ಕೇಳಿದಳು, "ಎಲ್ಲಿ ಅದೀಯ ನೀ? ಇಲ್ಲಿ ಇಲ್ಲೇ ಇಲ್ಲಲ್ಲ" ಎಂದು. ತಲೆನೋವೆಂದು ಹೇಳಿ ತಪ್ಪಿಸಿಕೊಂಡೆ.

ವಾಪಸ್ ಬಂದು ನೋಡುತ್ತೇನೆ, ಪಲ್ಲವಿಯ ಫೈಲುಗಳಲ್ಲಿ ಒಂದು ಅವಲಕ್ಷಣ ಶುರುವಾಗಿತ್ತು. ಚಿತ್ರ ಪೂರ್ತಿ ಇರುತ್ತಿರಲಿಲ್ಲ. ಸ್ವಲ್ಪ ದೊಡ್ಡದು ಮಾಡಿ, ಸರಿಸಿ, ಬಲಗಡೆಯ ಅಂಚನ್ನು ಕಿಟಕಿಯ ಆಚೆ ತಳ್ಳಿಬಿಟ್ಟಿರುತ್ತಿದ್ದಳು. ಮಾರ್ಚಿನಲ್ಲಿ ಇನ್ನಷ್ಟು ಕತ್ತರಿಸಿತು. ಏಪ್ರಿಲ್ ಹೊತ್ತಿಗೆ ರೋಗಿಯ ಕೊನೆಯ ಮೂರು ಹೆಜ್ಜೆಗಳೇ ಕಾಣದಂತಾದವು. ನಾನು ಹೇಳಲಿಲ್ಲ. ಹೇಳಿದರೆ ತಿದ್ದಿಕೊಂಡುಬಿಡುತ್ತಾಳೆ! ಇರಲಿ, ಇನ್ನೂ ಹದಗೆಡಲಿ ಎಂದು ಒಳಗೊಳಗೇ ಖುಷಿಪಟ್ಟೆ.

ಅದೇ ಹೊತ್ತಿಗೆ ಡಾಕ್ಟರು ಹೇಳಿದರು, ನಮಗೆ ಆರು ಕ್ಯಾಮೆರಾದ ಹೊಸ ಯಂತ್ರ ಬರುತ್ತದೆ, ಇಬ್ಬರಲ್ಲಿ ಒಬ್ಬರನ್ನು ಆರು ತಿಂಗಳು ಪುಣೆಗೆ ಕಲಿಯಲು ಕಳಿಸುತ್ತೇವೆ, ಮುಂದೆ ಆ ವಿಭಾಗ ಅವರದೇ ಎಂದು. ಹೇಳುವಾಗ ಅವರ ಕಣ್ಣು ಪಲ್ಲವಿಯ ಮೇಲಿತ್ತು. ಮೂರು ವರ್ಷದಿಂದ ಆ ಡಬ್ಬಿ ಕಂಪ್ಯೂಟರಿನ ಮುಂದೆ ಕಣ್ಣು ಕಳೆದುಕೊಂಡವಳು ನಾನು, ಮನೆಯಲ್ಲಿ ಬೇರೇನೂ ಇಲ್ಲದವಳು ನಾನು. ಅವಳಿಗೆ ಇಪ್ಪತ್ಮೂರು, ಮುಂದೆ ಎಲ್ಲ ಸಿಗುತ್ತದೆ. ನನಗೆ ಇದೊಂದು ಸಿಗಬಾರದೇ?

ಸಾವನೇರಿನ ಒಬ್ಬ ಗಣಿ ಕೆಲಸಗಾರ ನನಗೆ ನೆಪವಾಗಿ ಸಿಕ್ಕ. ಅವನಿಗೆ ದಣಿವಾದಾಗ, ಅಂದರೆ ಕೊನೆಯ ಹೆಜ್ಜೆಗಳಲ್ಲಿ, ಕೃತಕ ಪಾದ ನೆಲಕ್ಕೆ ಉಜ್ಜುತ್ತಿತ್ತು. ಪಲ್ಲವಿಯ ಫೈಲಿನಲ್ಲಿ ಆ ಹೆಜ್ಜೆಗಳೇ ಕಾಣದ್ದರಿಂದ ಡಾಕ್ಟರು ಎಲ್ಲ ಸರಿಯಿದೆ ಎಂದು ಕಳಿಸಿದರು. ಪಾಪ, ಅವನು ಹುಣ್ಣಾದ ಮೊಂಡುಗಾಲಿನಲ್ಲಿ ಮತ್ತೆ ಬಸ್ಸು ಹತ್ತಿ ಬರಬೇಕಾಯಿತು. ನಾನು ನೇರವಾಗಿ ಡಾಕ್ಟರ ಹತ್ತಿರ ಹೋಗಿ, ಹುಡುಗಿಗೆ ಅವಸರ, ಚಿತ್ರವನ್ನೂ ನೆಟ್ಟಗೆ ಇಡಲು ಬರುವುದಿಲ್ಲ, ಫೆಬ್ರವರಿಯಿಂದ ಇದೇ ಹಣೆಬರಹ ಎಂದು ಹೇಳಿದೆ. ಅವರ ಮುಖ ಗಂಟಾಯಿತು. ಶನಿವಾರ ಎಲ್ಲ ಫೈಲನ್ನೂ ಪೂರ್ತಿ ಚಿತ್ರ ಮಾಡಿ ನನಗೆ ತೋರಿಸು, ಆಮೇಲೆ ಪುಣೆಯ ವಿಷಯ ನೋಡೋಣ ಎಂದರು. ಅಂದು ಮನೆಗೆ ಹೋಗುವಾಗ ದಾರಿಯಲ್ಲಿ ಅರ್ಧ ಕಿಲೋ ಸಂತ್ರಾ ಬರ್ಫಿ, ಕಿತ್ತಳೆ ಹಣ್ಣಿನದು, ಕೊಂಡೆ.

ಶುಕ್ರವಾರ ಮಧ್ಯಾಹ್ನ. ಮೇ ತಿಂಗಳ ನಾಗಪುರ, ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ಡಾಕ್ಟರು ಮನೆಗೆ ಊಟಕ್ಕೆ ಹೋಗಿದ್ದರು. ಪಲ್ಲವಿ ಮೊಂಡುಗಾಲಿನ ಅಚ್ಚು ತೆಗೆಯುವ ಕೋಣೆಯಲ್ಲಿದ್ದಳು. ಕಿಟಕಿಯ ಕೂಲರು ಗರಗರ ಎನ್ನುತ್ತಿತ್ತು. ನಾನು ನಡಿಗೆಯ ಕೋಣೆಯಲ್ಲಿ ಒಬ್ಬಳೇ ಕೂತು ಅವಳ ಮೊದಲ ಫೈಲು ತೆರೆದೆ. ಫೆಬ್ರವರಿಯದು, ನಾನು ಊರಿಗೆ ಹೋಗಿದ್ದಾಗ ತೆಗೆದದ್ದು. ಕ್ಯಾಮೆರಾ ಹಾಕಿದ ತಾರೀಖು ಮೂಲೆಯಲ್ಲಿತ್ತು. ಕಾಮಠಿಯ ಮುದುಕನೊಬ್ಬ ಪಲ್ಲವಿಯ ಪಕ್ಕದಲ್ಲಿ ನಡೆಯುತ್ತಿದ್ದ. ನಾನು ಕೀಲಿ ಒತ್ತಿದೆ. ಪೂರ್ತಿ ಚಿತ್ರ ಬಂದು ಕೂತಿತು. ಬಲಗಡೆಯ ಅಂಚಿನಲ್ಲಿ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಅಲ್ಲಿ ಯಾರೋ ಹೆಂಗಸು ನಿಂತಿದ್ದಳು. ರೋಗಿಯ ಕಡೆಯವಳಿರಬೇಕು ಎಂದುಕೊಂಡು ಮುಂದಿನದಕ್ಕೆ ಹೋದೆ.

ಮುಂದಿನದರಲ್ಲೂ ಅವಳಿದ್ದಳು. ಅದು ಹಿಂಗಣಾದ ಒಬ್ಬ ತರುಣನ ಫೈಲು. ಈ ಸಲ ಅವಳು ಹೊಸ್ತಿಲು ದಾಟಿದ್ದಳು. ಮಾರ್ಚಿನ ಫೈಲಿನಲ್ಲಿ ಗೋಡೆಯ ಗಡಿಯಾರದ ಕೆಳಗಿದ್ದಳು. ಇನ್ನೊಂದರಲ್ಲಿ ಚಾಪೆಯ ತುದಿಗೆ ಬಂದಿದ್ದಳು. ರೋಗಿ ನಡೆಯುತ್ತಿದ್ದ, ಪಲ್ಲವಿ ನಡೆಯುತ್ತಿದ್ದಳು, ಅವಳು ಮಾತ್ರ ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ಅಲುಗದೆ ನಿಂತಿದ್ದಳು. ಎಲ್ಲದರಲ್ಲೂ ಒಂದೇ ಸೀರೆ. ಕಡುನೀಲಿ ಮೈ, ಕೆಂಪು ಸೆರಗು. ಆ ಸೀರೆಯನ್ನು ನಾನು ಊರಲ್ಲೇ ಬಿಟ್ಟು ಬಂದಿದ್ದೆ. ನಾಗಪುರದಲ್ಲಿ ಅದನ್ನು ಒಂದು ದಿನವೂ ಉಟ್ಟಿರಲಿಲ್ಲ.

ಮೌಸಿನ ಗಾಲಿ ತಿರುಗಿಸಿದೆ. ತೀರ ದೊಡ್ಡದು ಮಾಡಿದರೆ ಚಿತ್ರ ಚೌಕಚೌಕವಾಗಿ ಒಡೆದು ಮೂಗು ಯಾವುದು, ಕಣ್ಣು ಯಾವುದು ತಿಳಿಯುವುದಿಲ್ಲ. ಒಂದೊಂದೇ ಹಲ್ಲು ಹಿಂದಕ್ಕೆ ತಿರುಗಿಸುತ್ತ ಬಂದೆ. ಚೌಕಗಳು ಕೂಡಿಕೊಂಡು ಒಂದು ಅಳತೆಗೆ ಬಂದಾಗ ಮುಖ ಸ್ಪಷ್ಟವಾಯಿತು. ಅದು ನನ್ನ ಮುಖ. ರೋಗಿಯನ್ನು ನೋಡುತ್ತಿರಲಿಲ್ಲ, ಪಲ್ಲವಿಯನ್ನು ನೋಡುತ್ತಿತ್ತು. ಎಂಟು ವರ್ಷದವಳಿದ್ದಾಗ ಅವ್ವ ಗಲ್ಲ ಹಿಡಿದು ತಿರುಗಿಸಿದ್ದಳಲ್ಲ, ಅದೇ ನೋಟ. ನಾನು ಕನ್ನಡಿಯಲ್ಲಿ ಯಾವತ್ತೂ ಕಾಣದ ಮುಖ ಅದು, ಆದರೂ ಗುರುತು ಹಿಡಿಯಲು ಒಂದು ನಿಮಿಷವೂ ಬೇಕಾಗಲಿಲ್ಲ.

ಆದರೂ ಕೊನೆಯ ಫೈಲು, ಸಾವನೇರಿನವನದು, ತೆರೆದೆ. ಪಲ್ಲವಿ ಅದನ್ನು ಎಷ್ಟು ಬಿಗಿಯಾಗಿ ಕತ್ತರಿಸಿದ್ದಳೆಂದರೆ ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ಕೀಲಿ ಒತ್ತಿದೆ. ಚಿತ್ರದಲ್ಲಿ ನಾನು ಪಲ್ಲವಿಯ ಬೆನ್ನ ಹಿಂದೆಯೇ ನಿಂತಿದ್ದೆ, ಕೈ ಚಾಚಿದರೆ ಅವಳ ಜಡೆ ಸಿಗುವಷ್ಟು ಹತ್ತಿರ. ಅವಳು ರೋಗಿಗೆ ಏನೋ ಹೇಳಿ ನಗುತ್ತಿದ್ದಳು. ಆಗ ನನಗೆ ಹೊಳೆಯಿತು, ನಾನು ಕೂತಿದ್ದದ್ದೂ ಅದೇ ಕೋಣೆಯಲ್ಲಿ. ತಿರುಗಿ ನೋಡಿದೆ. ಬಾಗಿಲು ಮುಚ್ಚಿತ್ತು. ನಾನು ನೋಡುತ್ತಿದ್ದಂತೆಯೇ ಅದು ತೆರೆಯಿತು.

ಬಂದವಳು ಪಲ್ಲವಿ. ಕೈಗೆಲ್ಲ ಸುಣ್ಣದಂಥ ಅಚ್ಚಿನ ಪುಡಿ. ಪರದೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಅಲ್ಲೇ ನಿಂತಳು.

"ಅಕ್ಕಾ, ನೋಡಿಬಿಟ್ರೇನ್ರಿ?"

"ಇದೇನ ಪಲ್ಲವಿ?" ಎಂದೆ.

"ನಂಗೂ ಗೊತ್ತಿಲ್ರಿ. ನೀವು ಧಾರವಾಡಕ್ಕ ಹೋದಾಗ ಪಹಿಲೇ ಸಲ ಕಂಡ್ರಿ. ಕೋಣ್ಯಾಗ ಯಾರೂ ಇರಂಗಿಲ್ಲ ಅಕ್ಕಾ, ಖರೇ ಹೇಳ್ತೀನಿ. ಟೇಪ್ ಇಳಿಸಿದ ಮ್ಯಾಲೆ ನೀವು ಇರ್ತೀರಿ. ಎರಡು ದಿನ ಮೈ ಸುಡೂ ಬುಖಾರ್ ಬಂದಿತ್ತು ನಂಗ."

"ಯಾರಿಗರೆ ಹೇಳೀ?"

"ನಮ್ಮ ಆಜಿಗೆ ಅಷ್ಟ, ಅಪ್ಪನ ಅವ್ವಗ. ಆಜಿ ಅಂದ್ಲು, ಅಕಿಗೆ ಗೊತ್ತ ಇರಂಗಿಲ್ಲವ್ವಾ, ಹೇಳಿ ನೋಯಿಸಬ್ಯಾಡ, ನಿನಗ ನೌಕರಿ ಕೊಡಿಸಿದಾಕಿ ಅದಾಳ ಅಂತ. ಮತ್ತ ನೀವು ಜರಾ ಜರಾ ಒಳಗ ಬರಾಕ ಹತ್ತಿದ್ರಿ. ನಾನೂ ಜರಾ ಜರಾ ಝೂಮ್ ಮಾಡ್ಕೋತ ಹೋದೆ. ಸರ್ ನೋಡಿದ್ರ ನಿಮ್ಮ ಬಗ್ಗೆ ಏನ್ ಅನಕೋತಾರ್ರಿ?"

ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ. ನಾಲ್ಕು ದಿನದ ಹಿಂದೆ ಡಾಕ್ಟರ ಮುಂದೆ ನಾನು ಆಡಿದ ಮಾತೆಲ್ಲ ನೆನಪಾಯಿತು. ಇವಳಿಗೆ ಚಿತ್ರ ನೆಟ್ಟಗೆ ಇಡಲು ಬರುವುದಿಲ್ಲ ಎಂದಿದ್ದೆ. "ನಿನಗ ನನ್ನ ಕಂಡ್ರ ಅಂಜಿಕಿ ಬರಲಿಲ್ಲೇನು?" ಎಂದು ಕೇಳಿದೆ.

"ಬಂತ್ರಿ. ಆದ್ರ ಚಿತ್ರದಾಗ ನೀವು ಅಳೂ ಹಂಗ ಕಾಣ್ತೀರಿ. ನಂಗ ಕೆಟ್ಟ ಅನಸ್ತದ."

ಅಳುವ ಮುಖವಲ್ಲ ಅದು. ನನಗೆ ಗೊತ್ತಿತ್ತು. ಅವಳಿಗೆ ಹಾಗೆ ಕಂಡಿತ್ತು, ಅಷ್ಟೇ. ಇಲ್ಲಿಯವರೆಗೆ ಬಂದಿದ್ದೀರಿ, ಇದನ್ನೂ ಕೇಳಿಬಿಡಿ: ಆ ಗಳಿಗೆಯಲ್ಲಿ, ಅವಳು ಅಷ್ಟು ಒಳ್ಳೆಯವಳಾಗಿರುವುದನ್ನು ಕಂಡು ಕೂಡ ನನಗೆ ಹೊಟ್ಟೆ ಉರಿಯಿತು. ಇದೂ ಇವಳಿಗೇ ಸಿಗಬೇಕೇ ಎನ್ನಿಸಿತು. ಭಯದಲ್ಲಿ ನಡುಗುತ್ತಿದ್ದವಳು ನಾನು, ಆದರೂ ಅನ್ನಿಸಿತು.

ಶನಿವಾರ ಡಾಕ್ಟರು ಬಂದು ನಮ್ಮಿಬ್ಬರ ನಡುವೆ ಕುರ್ಚಿ ಎಳೆದುಕೊಂಡು ಕೂತರು. ಸಾವನೇರಿನವನ ಫೈಲನ್ನೇ ಮೊದಲು ತೆಗೆಯಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಪೂರ್ತಿ ಮಾಡು, ನೋಡೋಣ ಎಂದರು. ರಾತ್ರಿಯೆಲ್ಲ ನೂರು ಉಪಾಯ ಯೋಚಿಸಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಬೆರಳನ್ನು ಕೀಲಿಯ ಮೇಲಿಟ್ಟು, ಕಣ್ಣು ಮುಚ್ಚಿ ಒತ್ತಿದೆ. ಕೂಲರಿನ ಸದ್ದು ಮಾತ್ರ. ಪಕ್ಕದಲ್ಲಿ ಪಲ್ಲವಿಯ ಬಳೆ ಅಲುಗಿದ್ದು ಕೇಳಿಸಿತು. ನಾನು ಕಣ್ಣು ತೆರೆದಾಗ ಚಿತ್ರವಿರಲಿಲ್ಲ, ಕಪ್ಪು ಪರದೆಯ ಮೇಲೆ ಹಳದಿ ಬೊಟ್ಟುಗಳಷ್ಟೇ ನಡೆಯುತ್ತಿದ್ದವು. ಅವಳು ಕೈ ಚಾಚಿ ಇನ್ನೊಂದು ಕೀಲಿ ಒತ್ತಿಬಿಟ್ಟಿದ್ದಳು. "ಸರ್, ಬೊಟ್ಟಿನಲ್ಲೇ ಸರಿಯಾಗಿ ಕಾಣುತ್ತದೆ ನೋಡಿ, ಇಲ್ಲಿ ಪಾದ ಉಜ್ಜುತ್ತಿದೆ" ಎಂದು ಮರಾಠಿಯಲ್ಲಿ ಹೇಳುತ್ತಿದ್ದಳು.

ಡಾಕ್ಟರು ನೋಡಿದರು. ಇಷ್ಟು ಚೆನ್ನಾಗಿ ಕಾಣುವುದನ್ನು ಇಷ್ಟು ದಿನ ಯಾಕೆ ಕತ್ತರಿಸಿಟ್ಟಿದ್ದೆ ಎಂದು ಅವಳನ್ನು ಗದರಿದರು. ಅವಳು ತಲೆ ತಗ್ಗಿಸಿದಳು. ಬೈಸಿಕೊಂಡು, ಪುಣೆಯನ್ನೂ ಕಳೆದುಕೊಂಡು ಸುಮ್ಮನಿರಲು ತಯಾರಾಗಿದ್ದಳು. ಆಗ ನಾನು ಬಾಯಿ ಬಿಟ್ಟೆ. ತಪ್ಪು ನನ್ನದು ಸರ್, ಬಾಗಿಲ ಬೆಳಕಿಗೆ ಬೊಟ್ಟು ದಾರಿ ತಪ್ಪುತ್ತದೆ, ಆ ಕಡೆ ಕತ್ತರಿಸು ಎಂದು ನಾನೇ ಹೇಳಿಕೊಟ್ಟಿದ್ದೆ, ಮರೆತು ದೂರು ಕೊಟ್ಟೆ, ಪುಣೆಗೆ ಅವಳನ್ನೇ ಕಳಿಸಿ ಎಂದೆ. ಅಷ್ಟು ಸುಳ್ಳು ಒಂದೇ ಉಸಿರಿನಲ್ಲಿ ಹೇಗೆ ಹೇಳಿದೆನೋ. ಡಾಕ್ಟರು ನನ್ನನ್ನು ಒಂದು ಥರಾ ನೋಡಿದರು. ಆ ನೋಟಕ್ಕೆ ಕಾರಣ ನನ್ನ ಸುಳ್ಳೋ ಅಥವಾ ಆ ಅರೆ ಕ್ಷಣದಲ್ಲಿ ಅವರು ಪರದೆಯ ಮೇಲೆ ಕಂಡದ್ದೋ, ಇಂದಿಗೂ ತಿಳಿಯದು.

ಹೊರಗೆ ಬಂದ ಮೇಲೆ ಪಲ್ಲವಿಯನ್ನು ಕೇಳಿದೆ, ನಾನು ಕಣ್ಣು ಮುಚ್ಚಿದ್ದಾಗ ಏನು ಕಂಡಿತು ಎಂದು. "ಏನೂ ಇರಲಿಲ್ರಿ ಅಕ್ಕಾ. ಬಾಗಿಲಾ ಅಷ್ಟ ಇತ್ತು" ಎಂದಳು. ಹಾಗಾದರೆ ನೀನು ಆ ಕೀಲಿ ಯಾಕೆ ಒತ್ತಿದೆ ಎಂದು ನಾನು ಕೇಳಲಿಲ್ಲ.

ಅವಳು ಪುಣೆಗೆ ಹೋದಳು. ಅಲ್ಲೇ ಒಳ್ಳೆಯ ಕೆಲಸ ಸಿಕ್ಕಿ, ಮದುವೆಯಾಗಿ ಉಳಿದುಬಿಟ್ಟಳು. ಹೊಸ ಯಂತ್ರ ಕೊನೆಗೂ ನನ್ನ ಕೈಗೇ ಬಂತು, ಆದರೆ ನಡಿಗೆಯ ಕೋಣೆಯ ಬಾಗಿಲಿಗೆ ನಾನು ಯಾವಾಗಲೂ ಬೆನ್ನು ಹಾಕಿಯೇ ಕೂತೆ. ಹಳೆಯ ಟೇಪುಗಳು ಒಂದು ವರ್ಷ ಕಪಾಟಿನಲ್ಲಿದ್ದವು. ತೆಗೆದು ನೋಡಿದ್ದರೆ ಅನುಮಾನ ತೀರುತ್ತಿತ್ತು. ನೋಡಲಿಲ್ಲ. ಅವುಗಳ ಮೇಲೆ ಬೇರೆ ರೋಗಿಗಳ ಚಿತ್ರ ತೆಗೆದು ಅಳಿಸಿಹಾಕಿದೆವು, ಕಂಪ್ಯೂಟರು ಗುಜರಿಗೆ ಹೋಯಿತು.

ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಒಂದೇ ಟೇಪಿನ ಮೇಲೆ ಮತ್ತೆ ಮತ್ತೆ ತೆಗೆದಾಗ ಹಳೆಯ ಚಿತ್ರದ ತುಣುಕು ಉಳಿದಿರಬಹುದು. ಆದರೆ ಆ ಸೀರೆಯಲ್ಲಿ ನನ್ನನ್ನು ಆ ಕ್ಯಾಮೆರಾ ಎಂದೂ ನೋಡಿರಲಿಲ್ಲ. ಬೇರೆ ಯಾರೋ ಹೆಂಗಸಿರಬಹುದು ಎಂದರೆ ಪಲ್ಲವಿಯೂ ನನ್ನನ್ನೇ ಕಂಡಿದ್ದಳು. ಬಿಸಿಲಿಗೆ ತಲೆ ತಿರುಗಿತ್ತು ಎಂದರೆ ಫೆಬ್ರವರಿಯಲ್ಲಿ ಅವಳಿಗೆಲ್ಲಿಯ ಬಿಸಿಲು? ನನ್ನವರಿಗೆ ಒಮ್ಮೆ ಹೇಳಿದೆ. "ಕೂಲರಿಗೆ ನೀರು ಹಾಕೋದು ಮರ್ತಿದ್ರೇನು ನಿಮ್ಮಲ್ಲಿ?" ಎಂದು ನಕ್ಕರು. ಆಮೇಲೆ ಯಾರಿಗೂ ಹೇಳಲಿಲ್ಲ.

ಇದು ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ. ನಾಲ್ಕೈದು ವರ್ಷದ ಮೇಲೆ ಪುಣೆಯಿಂದ ಕೊರಿಯರಿನಲ್ಲಿ ಒಂದು ಸೀಡಿ ಬಂತು. ಪಲ್ಲವಿಯ ಮಗಳು ನಡೆಯಲು ಕಲಿತಿದ್ದಳು, ಅದನ್ನು ವಿಡಿಯೋ ತೆಗೆದು ಅಕ್ಕನಿಗೆಂದು ಕಳಿಸಿದ್ದಳು. ನಾನೂ ನನ್ನವರೂ ಟೀವಿಯ ಮುಂದೆ ಕೂತೆವು. ಮಗು ಗೋಡೆ ಬಿಟ್ಟು, ಕೈ ಮೇಲೆತ್ತಿ, ಎಡಗಡೆಯಿಂದ ಬಲಗಡೆಗೆ ಹೆಜ್ಜೆ ಹಾಕಿತು. ಒಂದು, ಎರಡು, ಮೂರು. ಕ್ಯಾಮೆರಾ ಅದರ ಜೊತೆ ತಿರುಗಲಿಲ್ಲ. ಅಲ್ಲೇ ನಿಂತಿತು, ಸ್ವಲ್ಪ ನಡುಗಿತು, ಆಮೇಲೆ ಇನ್ನಷ್ಟು ಎಡಕ್ಕೆ ಸರಿಯಿತು. ಮಗು ಬಲಗಡೆಯಿಂದ ಚಿತ್ರದ ಹೊರಗೆ ಹೋಗಿಬಿಟ್ಟಿತು. ಬರೀ ಗೋಡೆ. ಪಲ್ಲವಿಯ ದನಿ ಕೇಳಿಸಿತು: "ಬಾ, ಇಕಡೆ ಬಾ, ಜಲ್ದಿ ಬಾ ನನ್ನ ಕಡೆ."

"ಏನಿದು, ಕ್ಯಾಮೆರಾ ಹಿಡಿಯಾಕೂ ಬರಂಗಿಲ್ಲೇನು ನಿನ್ನ ಶಿಷ್ಯಳಿಗೆ? ಕೂಸಿನ್ನ ಅರ್ಧಕ್ಕ ಬಿಟ್ಟಾಳ" ಎಂದು ನನ್ನವರು ನಕ್ಕರು.

ಚಿತ್ರದ ಮೂಲೆಯಲ್ಲಿ ತಾರೀಖಿತ್ತು. ಅದು ಅವಳು ಮುಂಜಾನೆ ಫೋನ್ ಮಾಡಿ, ಅಕ್ಕಾ, ಹೆಜ್ಜೆ ಇಟ್ಟಳು ಎಂದು ಕೂಗಿ ಹೇಳಿದ ದಿನ. ಭಾಳ ಚಲೋ ಆತು ಎಂದು ನಾನು ಫೋನ್ ಇಟ್ಟಿದ್ದೆ. ಇಟ್ಟು, ಹಾಲು ಉಕ್ಕಿ ಚೆಲ್ಲುವವರೆಗೂ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ.

ಸೀಡಿ ಸಿಕ್ಕಿತೇ ಎಂದು ಮರುದಿನ ಪಲ್ಲವಿ ಕೇಳಿದಳು. "ಚೆಂದ ಬಂದೈತಿ" ಎಂದೆ. "ಕೈ ಅಲುಗಿತ್ರಿ ಅಕ್ಕಾ, ಪೂರ್ತಿ ಬಂದಿಲ್ಲ" ಎಂದಳು. ಬಲಗಡೆ ಏನು ಕಂಡಳೆಂದು ನಾನು ಕೇಳಲಿಲ್ಲ.

ಅಂದಿನಿಂದ ಅಮಾವಾಸ್ಯೆಗೊಮ್ಮೆ, ನನ್ನವರು ಕೆಲಸಕ್ಕೆ ಹೋದ ಮೇಲೆ, ಆ ಮಗುವಿನ ಫೋಟೋ ಮುಂದಿಟ್ಟುಕೊಂಡು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಯ ಮೇಲಿನ ಹಂಚಿಗೆ ಹಾಕುತ್ತೇನೆ. ಭಿವಾಪುರದ ಮೆಣಸಿನಕಾಯಿ, ಆ ವರ್ಷದ್ದೇ, ಡಬ್ಬಿ ತೆಗೆದರೆ ಸೀನು ಬರುವಂಥವು. ಸುಟ್ಟು ಕರಿಯಾಗುವವರೆಗೆ ಕಾಯುತ್ತೇನೆ. ಇದುವರೆಗೆ ಒಂದು ಸಲವೂ ಘಾಟು ಬಂದಿಲ್ಲ.